ಎಡಗೈಯಲ್ಲಿ ಹಗ್ಗ

“ಲೇ ಮೆರಿಲ್, ಕುದುರೆ ಮೇಲೆ ಕೂರೋಕಾಗದವನು ಕುದುರೆ ಚಿತ್ರ ಬರೀಬಾರದು ಕಣೋ. ಫೋಟೋನ ಎಡ ಬಲ ತಿರುಗಾಮುರುಗಾ ಇಟ್ಕೊಂಡು ನಕಲು ಹೊಡ್ದಿದ್ದೀಯಲ್ಲೋ, ಕಳ್ಳ!”

ಡೋಯ್ಲ್ ಕೆಲ್ಸೊ ಇದನ್ನು ಕಿವಿಯಲ್ಲಿ ಹೇಳಲಿಲ್ಲ. ಊರಿನ ಸಭಾಂಗಣದ ನಟ್ಟನಡುವೆ ನಿಂತು, ದನದ ಹಿಂಡಿನ ಆಚೆ ತುದಿಗೂ ಕೇಳುವ ದನಿಯಲ್ಲಿ ಹೇಳಿದ. ಸುತ್ತಲಿನ ದನ ಸಾಕುವ ರಾಂಚುಗಳ ಅರವತ್ತು ಮಂದಿ ಕಾಫಿ ಲೋಟ ಹಿಡಿದು ತಿರುಗಿ ನೋಡಿದರು. ಯಾರೋ ಕಿಸಕ್ಕೆಂದರು.

ಅಮೆರಿಕದ ನೆವಾಡದ ಆ ಮೂಲೆಯಲ್ಲಿ ಜನವರಿ ಬಂದರೆ ಇದೇ ರೂಢಿ. ಚಿತ್ರಗಳನ್ನು ಗೋಡೆಗೆ ತೂಗುಹಾಕುತ್ತಾರೆ. ಮೊದಲು ನೋಡುವವರು ಜೀನಿನ ಮೇಲೆ ಬದುಕು ಸವೆಸಿದವರು. ಲಗಾಮು, ಗಂಟು, ಕರುವಿನ ಕಾಲು, ಒಂದನ್ನೂ ಬಿಡುವುದಿಲ್ಲ. ಅವರು ತಪ್ಪು ಹಿಡಿಯದ ಚಿತ್ರವನ್ನು ಮಾತ್ರ ರೀನೋ ನಗರದ ಗ್ಯಾಲರಿಯಾಕೆ ಒಯ್ಯುತ್ತಾಳೆ. ಆಕೆ ಬಾಗಿಲ ಬಳಿಯೇ ನಿಂತಿದ್ದಳು, ಆರಿಸಿದ ಚಿತ್ರ ಗುರುತು ಹಾಕಿಕೊಳ್ಳುವ ಪೆನ್ನನ್ನು ಮುಚ್ಚಿಕೊಂಡು.

ಮೆರಿಲ್‌ನ ಸೊಂಟ ಮುರಿದು ಎರಡು ವರ್ಷವಾಗಿತ್ತು. ಇನ್ನು ಅವನು ಕುದುರೆ ಹತ್ತುವ ಹಾಗಿಲ್ಲ. ಈ ರಾಂಚಿನ ಬದುಕಿಗೂ ಅವನಿಗೂ ಉಳಿದಿದ್ದ ಒಂದೇ ಎಳೆ ಕುಂಚ. ಈ ಗೋಡೆಯ ಮೇಲಿಂದ ಅವನ ಚಿತ್ರ ಇಳಿದರೆ ಮುಂದಿರುವುದು ಬೋಯ್ಸಿ ನಗರದಲ್ಲಿರುವ ಅಣ್ಣನ ಟೈರು ಅಂಗಡಿ, ಸಾಯುವ ತನಕ ರಬ್ಬರಿನ ವಾಸನೆ.

“ಬನ್ರೋ, ನೀವೇ ನೋಡಿ,” ಡೋಯ್ಲ್ ಚಿತ್ರದ ಮೇಲೆ ಬೆರಳು ಕುಟ್ಟಿದ. “ಇವನು ನನ್ನ ತಮ್ಮ ಒರಿನ್. ದನಕ್ಕೆ ಹಗ್ಗ ಎಸೆಯೋದ್ರಲ್ಲಿ ಈ ಕೌಂಟಿಯಲ್ಲೇ ಅವನಂಥ ಕುಣಿಕೆಗಾರ ಇರ್ಲಿಲ್ಲ. ಎಡಗೈಯಲ್ಲಿ ಹಗ್ಗ ಹಿಡಿದಿದ್ದಾನಂತೆ! ಜೀನಿನ ಗೂಟಕ್ಕೆ ಉಲ್ಟಾ ಸುತ್ತಿದ್ದಾನಂತೆ! ಸತ್ತವನ ಮರ್ಯಾದೆ ತೆಗೆಯೋಕೂ ಒಂದು ಮಿತಿ ಬೇಡ್ವೇನೋ?”

“ಬಲಗೈ ಬರೆಯೋಕೆ ಬಣ್ಣ ಸಾಲಲಿಲ್ಲ ಅನ್ಸುತ್ತೆ ಬಾಸ್,” ಹಿಂದಿನಿಂದ ಡೋಯ್ಲ್‌ನ ರಾಂಚಿನ ಆಳೊಬ್ಬ ಅಂದ. ಈ ಸಲ ನಗು ಜೋರಾಯಿತು.

ಮೆರಿಲ್ ಮೂರು ಸಲ ಹಗ್ಗವನ್ನು ಒರಿನ್‌ನ ಬಲಗೈಯಲ್ಲೇ ಇಟ್ಟು ಬರೆದಿದ್ದ. ಮೂರು ಸಲವೂ ಒರಿನ್ ಹುಲ್ಲು ತುಂಬಿದ ಬೊಂಬೆಯ ಹಾಗೆ ಕೂತಿದ್ದ. ಮೂರನ್ನೂ ಕೆರೆದು ಹಾಕಿ, ಕಣ್ಣಾರೆ ಕಂಡದ್ದನ್ನು ಬರೆದಾಗ ಮಾತ್ರ ಆ ಮನುಷ್ಯ ಉಸಿರಾಡಿದ.

ಅದನ್ನು ಕಂಡಿದ್ದು ಮೆರಿಲ್ ಒಬ್ಬನೇ. ಹೋದ ವರ್ಷದ ಶರತ್ಕಾಲ, ದೂರದ ಹುಲ್ಲುಗಾವಲಿನ ಬಿಡಾರದಲ್ಲಿ ಇದ್ದವರು ಇಬ್ಬರೇ. ಒರಿನ್ ದನ ನೋಡುತ್ತಿದ್ದ, ಮೆರಿಲ್ ಟ್ರಕ್ ಓಡಿಸಿ ಅಡುಗೆ ಮಾಡುತ್ತಿದ್ದ. ಒರಿನ್‌ನ ಬಲಗೈ ಮರಗಟ್ಟಿತ್ತು. ಬಿಸಿ ಬಾಣಲೆ ತಾಕಿದರೂ ಅದಕ್ಕೆ ಗೊತ್ತಾಗುತ್ತಿರಲಿಲ್ಲ.

“ಡೋಯ್ಲ್‌ಗೆ ಗೊತ್ತಾದ್ರೆ ನನ್ನನ್ನ ಕುದುರೆಯಿಂದ ಇಳಿಸಿ ಹುಲ್ಲಿನ ಟ್ರಕ್ಕಿಗೆ ಹಾಕ್ತಾನೆ. ಅದಕ್ಕಿಂತ ಗುಂಡು ಹೊಡ್ಕೊಳ್ಳೋದು ವಾಸಿ,” ಅಂದಿದ್ದ ಒರಿನ್. “ಬಾಯಿ ಬಿಡಲ್ಲ ಅಂತ ಮಾತು ಕೊಡು ಮರಿ.”

ಮೆರಿಲ್ ಮಾತು ಕೊಟ್ಟ. ನಲವತ್ತೈದರ ಒರಿನ್ ಎಳೆಯರ ಹಾಗೆ ಎಡಗೈಯಲ್ಲಿ ಹಗ್ಗ ಎಸೆಯುವುದನ್ನು ಕಲಿತ. ಮೂರನೇ ವಾರ ಕಣಿವೆಯಲ್ಲಿ ಒಂದು ಹೋರಿಗೆ ಕುಣಿಕೆ ಹಾಕಿದ. ಹೊಸದಾಗಿ ಪಳಗುತ್ತಿದ್ದ ಕೈಯ ಬೆರಳು ಹಗ್ಗಕ್ಕೂ ಜೀನಿನ ಮುಂದಿನ ಗೂಟಕ್ಕೂ ನಡುವೆ ಸಿಕ್ಕಿಕೊಂಡಿತು, ಕುದುರೆ ಅವನ ಮೇಲೆಯೇ ಉರುಳಿತು. ಮೆರಿಲ್ ಕುಂಟುತ್ತ ಓಡಿ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಈಗ ಆ ಬಲಗೈಯ ಬಗ್ಗೆ ಒಂದೇ ಒಂದು ಮಾತು ಸಾಕಿತ್ತು. ಡೋಯ್ಲ್‌ನ ಬಾಯಿ ಬೀಗ ಹಾಕಿದ ಹಾಗೆ ಮುಚ್ಚುತ್ತಿತ್ತು. ಗ್ಯಾಲರಿಯಾಕೆಯ ಪೆನ್ನು ತೆರೆದುಕೊಳ್ಳುತ್ತಿತ್ತು.

“ಬೊಗಳೋ, ಯಾವ ಪತ್ರಿಕೆಯಿಂದ ಕದ್ದೆ?” ಡೋಯ್ಲ್ ಗದರಿಸಿದ.

“ಸ್ವಲ್ಪ ಸುಮ್ನಿರು, ಡೋಯ್ಲ್.”

ಲೊರೆಟ್ಟಾ, ಒರಿನ್‌ನ ಹೆಂಡತಿ. ಎಲ್ಲರೂ ದಾರಿ ಬಿಟ್ಟರು. ಅವಳು ಚಿತ್ರಕ್ಕೆ ಮೂಗು ತಾಗುವಷ್ಟು ಹತ್ತಿರ ನಿಂತಳು. ಚಿತ್ರದಲ್ಲಿದ್ದ ಒರಿನ್‌ನ ಕುದುರೆಯನ್ನು ಬಾಟಲಿ ಹಾಲು ಕುಡಿಸಿ ಸಾಕಿದವಳೇ ಅವಳು.

“ಹರಿದ ಕಿವಿ ಎಡಗಡೆ, ಇದ್ದ ಹಾಗೇ,” ಅಂದಳು ಮೆಲ್ಲಗೆ. “ಬಿಳಿ ಕಾಲು ಎಡಗಡೆ. ಸೊಂಟದ ಮೇಲೆ ಕಾಸಿ ಒತ್ತಿದ ಮುದ್ರೆನೂ ಎಡಗಡೆ, ನಮ್ಮ ಅಕ್ಷರ ನೆಟ್ಟಗೇ ಇದೆ. ಫೋಟೋ ತಿರುಗಿಸಿದ್ರೆ ಇವೆಲ್ಲಾನೂ ತಿರುಗಬೇಕಿತ್ತಲ್ಲ, ಡೋಯ್ಲ್? ತಿರುಗಿರೋದು ಕೈ ಮಾತ್ರ.”

ಡೋಯ್ಲ್ ಚಿತ್ರದಿಂದ ಒಂದು ಹೆಜ್ಜೆ ಹಿಂದೆ ಸರಿದ.

“ಬಿಡಾರಕ್ಕೆ ಹೋಗೋ ಮುಂಚೆ, ಬೇಸಿಗೆಲಿ, ಅವರ ಅಂಗಿ ಗುಂಡಿ ನಾನೇ ಹಾಕ್ತಿದ್ದೆ,” ಲೊರೆಟ್ಟಾ ಇನ್ನೂ ಚಿತ್ರದ ಕಡೆಗೇ ನೋಡುತ್ತಿದ್ದಳು. “ಬೆರಳು ಜೋಮು ಹಿಡಿದಿದೆ ಅಂತಿದ್ರು. ಬರೀ ತುಂಟಾಟ ಅಂದ್ಕೊಂಡಿದ್ದೆ.” ಆಮೇಲೆ ತಿರುಗಿದಳು. “ಮೆರಿಲ್, ಬಿಡಾರದಲ್ಲಿ ನೀನಿದ್ದೆ. ಅವರ ಬಲಗೈಗೆ ಏನಾಗಿತ್ತಪ್ಪಾ? ನಿನಗೆ ಗೊತ್ತಿತ್ತಾ?”

ಮೆರಿಲ್‌ಗೆ ಗೊತ್ತಿತ್ತು. ಮೂರು ವಾರ ಗೊತ್ತಿತ್ತು. ಒಂದು ದಿನ ಟ್ರಕ್ ಹತ್ತಿ ಬಂದು ಡೋಯ್ಲ್‌ಗೆ ಹೇಳಿದ್ದರೆ ಒರಿನ್ ಇವತ್ತು ಹುಲ್ಲಿನ ಟ್ರಕ್ಕಿನಲ್ಲಿ ಕೂತು ಮೆರಿಲ್‌ನ ಏಳು ತಲೆಮಾರಿಗೂ ಶಾಪ ಹಾಕುತ್ತಿದ್ದ. ಶಾಪ ಹಾಕುತ್ತ ಬದುಕಿರುತ್ತಿದ್ದ. ಅದನ್ನು ಇವಳ ಮುಖ ನೋಡಿ ಹೇಗೆ ಹೇಳುವುದು? ಬಾಯಿ ಬಿಡಲಾಗದ್ದನ್ನು ಮೂರ್ಖನ ಹಾಗೆ ಬಣ್ಣದಲ್ಲಿ ಬರೆದು ಅರವತ್ತು ಜನರ ಮುಂದೆ ತಾನೇ ತೂಗುಹಾಕಿದ್ದ.

ಗ್ಯಾಲರಿಯಾಕೆ ಬಾಗಿಲ ಬಳಿಯಿಂದ ಒಂದು ಹೆಜ್ಜೆ ಮುಂದೆ ಬಂದಳು. ಪೆನ್ನಿನ ಮುಚ್ಚಳ ತೆರೆದಿತ್ತು.

“ಮೆರಿಲ್?” ಅಂದಳು ಲೊರೆಟ್ಟಾ.

ಅವನು ಕುರ್ಚಿಯ ಮೇಲಿದ್ದ ಟೋಪಿ ತೆಗೆದುಕೊಂಡ. ಚಿತ್ರವನ್ನು ಗೋಡೆಯ ಮೇಲೆಯೇ ಬಿಟ್ಟು, ಮುರಿದ ಸೊಂಟವನ್ನು ಎಳೆಯುತ್ತ, ಗ್ಯಾಲರಿಯಾಕೆಯನ್ನು ದಾಟಿ, ಹಿಮ ಬಿದ್ದ ಬೀದಿಗೆ ನಡೆದುಬಿಟ್ಟ.