ಬೀಳುವ ಕೆಲಸ

ಕ್ಲಬ್ಬಿನವರು ನನ್ನನ್ನು ಸಂಬಳ ಕೊಟ್ಟು ಸೇರಿಸಿಕೊಂಡದ್ದು ಬ್ಯಾಸ್ಕೆಟ್‌ಬಾಲ್ ಆಡಲು ಎಂದುಕೊಂಡಿದ್ದೆ. ಬೀಳಲು ಎಂದು ಮೊದಲ ವಾರವೇ ಗೊತ್ತಾಯಿತು.

ನಾನು ಬಾಗಿಲು ದಾಟುವಾಗ ತಲೆ ತಗ್ಗಿಸಬೇಕಾದ ಎತ್ತರದವಳು. ನಮ್ಮ ತಂಡದಲ್ಲೂ ಬೀದಿಯಲ್ಲೂ ಏಣಿ ಎಂದೇ ನನ್ನ ಹೆಸರು. ಯಾರ ಮನೆಯ ಬಲ್ಬು ಹೋದರೂ ನನಗೇ ಕರೆ. ಇಂಥವಳನ್ನು ನೆಲಕ್ಕೆ ಉರುಳಿಸಲು ದುಡ್ಡು ಕೊಡುತ್ತಾರೆಂದರೆ ನಂಬುವವರು ಯಾರು?

ವಿಷಯ ಇಷ್ಟೇ. ಎದುರಾಳಿ ಚೆಂಡು ತಟ್ಟುತ್ತ ನುಗ್ಗುವಾಗ ಅವಳ ದಾರಿಗೆ ಅಡ್ಡ ನಿಲ್ಲಬೇಕು. ಅವಳು ಬಂದು ಗುದ್ದಿದರೆ ತಪ್ಪು ಅವಳದು, ರೆಫರಿ ಸೀಟಿ ಊದುತ್ತಾರೆ. ಐದು ಫೌಲ್ ಆದವಳು ಆಟದಿಂದ ಹೊರಗೆ. ಅದು ನಿಯಮ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ನಮ್ಮ ತಂಡದ ಪದ್ಧತಿಯೇ ಬೇರೆ. ಅವಳು ಗುದ್ದಬೇಕೆಂದೇನೂ ಇಲ್ಲ, ಗಾಳಿ ಸೋಕಿದರೂ ಸಾಕು, ದೊಪ್ಪನೆ ಬೀಳಬೇಕು. ಹೊಸಬರು ಬೀಳುವುದು, ಹಳಬರು ಆಡುವುದು. ಕಲಿಸುವವಳು ಕ್ಯಾಪ್ಟನ್ ಅಕ್ಕ.

"ಗದ್ದ ಎದೆಗೆ ಒತ್ಕೋ. ಕೈ ಊರ್ಬೇಡ, ಮಣಿಕಟ್ಟು ಹೋಗುತ್ತೆ. ಮೊದಲು ಕುಂಡೆ, ಆಮೇಲೆ ಬೆನ್ನು. ಕೂಗು ಮಾತ್ರ ಬೀಳೋಕೆ ಒಂಚೂರು ಮುಂಚೆನೇ ಬರ್ಬೇಕು. ತಡ ಆದ್ರೆ ರೆಫರಿ ನಂಬಲ್ಲ."

"ನೀವೂ ಹಿಂಗೇ ಬೀಳ್ತಿದ್ರಾ ಅಕ್ಕಾ?"

"ಮತ್ತೆ? ಸೊಂಟಕ್ಕೆ ಈ ಬೆಲ್ಟು ಏನು ಶೋಕಿಗೆ ಕಟ್ಟಿದೀನಾ?"

ನಾನು ಚೆನ್ನಾಗಿಯೇ ಬೀಳುತ್ತಿದ್ದೆ, ಅದರಲ್ಲಿ ಸುಳ್ಳಿಲ್ಲ. ಕೋಚ್ ಸರ್ ಸನ್ನೆ ಮಾಡಿದರೆ ಒಳಗೆ ಹೋಗುವುದು, ಬೀಳುವುದು, ಸೀಟಿ ಕೇಳಿಸಿಕೊಳ್ಳುವುದು, ಬಂದು ಬೆಂಚಿನ ಮೇಲೆ ಕೂರುವುದು. ಇಡೀ ಋತುವಿನಲ್ಲಿ ಚೆಂಡು ಮುಟ್ಟಿದ್ದು ಬೆರಳೆಣಿಕೆಯಷ್ಟು ಸಲ. ಜಟ್ಟಿಯಾದರೆ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂದು ಹೇಳಿಕೊಳ್ಳಬಹುದು. ನನಗೆ ಹೇಳಿಕೊಳ್ಳಲು ಆ ಮೀಸೆಯೂ ಇರಲಿಲ್ಲ.

ಅಮ್ಮನದು ಇಸ್ತ್ರಿ ಅಂಗಡಿ. ಅಲ್ಲಿನ ಸಣ್ಣ ಟಿವಿಯಲ್ಲಿ ನನ್ನ ಪಂದ್ಯಗಳನ್ನೆಲ್ಲ ನೋಡುತ್ತಿದ್ದಳು. ಕೊನೆಯ ಪಂದ್ಯಕ್ಕೆ ಮುಂಚೆ ಒಂದು ರಜೆಯ ದಿನ ಅಂಗಡಿಗೆ ಹೋದರೆ, ಮಾತಿಗೂ ಮುಂಚೆ ನನ್ನ ಅಂಗಿ ಎತ್ತಿ ಬೆನ್ನು ನೋಡಿದಳು.

"ಅಷ್ಟು ಜೋರಾಗಿ ಬಿದ್ಯಲ್ಲೇ, ಒಂದು ಗಾಯಾನೂ ಇಲ್ಲ! ನಾನಿಲ್ಲಿ ಇಸ್ತ್ರಿ ಬಿಟ್ಟು ಟಿವಿ ಹತ್ರ ಓಡಿದ್ದೆ."

ನಾನು ನಗುತ್ತ ಗುಟ್ಟು ಬಿಟ್ಟುಕೊಟ್ಟೆ. ಎದ್ದು ಒಂದು ಸಲ ಬಿದ್ದೂ ತೋರಿಸಿದೆ. ಅವಳು ನಗಲಿಲ್ಲ. ಮೇಜಿನ ಮೇಲಿದ್ದ ಗಿರಾಕಿಯ ಅಂಗಿಯ ಕಾಲರನ್ನು ಒತ್ತಿ ಮುಗಿಸಿ, ಇಸ್ತ್ರಿ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದಳು.

"ನಿಜವಾಗ್ಲೂ ಬಿದ್ರೆ ಎಣ್ಣೆ ಹಚ್ಚಿ ತಿಕ್ಕಬಹುದು ಕಣೇ. ಸುಳ್ಳಿಗೆ ಬಿದ್ರೆ ಎಲ್ಲಿಗೆ ಅಂತ ಹಚ್ಲಿ?"

ನನಗೆ ನಾಚಿಕೆಯಾಯಿತು. ಬಸ್ಸು ಹತ್ತುವ ಹೊತ್ತಿಗೆ ಆ ನಾಚಿಕೆ ಸಿಟ್ಟಾಗಿತ್ತು. ಮೊದಲು ಅಮ್ಮನ ಮೇಲೆ, ಆಮೇಲೆ ಕೋಚ್ ಮೇಲೆ, ಇಳಿಯುವಾಗ ನನ್ನ ಮೇಲೆ.

ಕೊನೆಯ ಪಂದ್ಯ ಮುಗಿಯಲು ಇನ್ನೇನು ಸ್ವಲ್ಪ ಹೊತ್ತಿತ್ತು. ನಾವು ಒಂದೇ ಪಾಯಿಂಟು ಮುಂದಿದ್ದೆವು. ಎದುರಾಳಿ ತಂಡದ ನಾಯಕಿಯನ್ನು ಎಲ್ಲರೂ ಗೂಳಿ ಎನ್ನುತ್ತಿದ್ದರು. ಹೆಸರಿಗೆ ತಕ್ಕ ಹಾಗೆ ಆಡುವವಳು. ಅವಳಿಗೆ ಆಗಲೇ ನಾಲ್ಕು ಫೌಲ್ ಆಗಿತ್ತು. ಕೋಚ್ ನನ್ನ ಭುಜ ಹಿಡಿದರು.

"ಹೋಗು, ಬೀಳು, ಅವಳನ್ನ ಹೊರಗೆ ಹಾಕ್ಸು. ಮುಂದಿನ ವರ್ಷದ ಕರಾರಿಗೆ ನಾಳೆನೇ ಸಹಿ. ಬೀಳ್ಲಿಲ್ಲ ಅಂದ್ರೆ ಬ್ಯಾಗು ಕಟ್ಟು."

ಹೋಗಿ ಬುಟ್ಟಿಯ ಕೆಳಗೆ ನಿಂತೆ. ಗೂಳಿ ನುಗ್ಗಿದಳು. ಹತ್ತಿರ ಬಂದವಳು ನನ್ನ ಮುಖ ಕಂಡು ಕಾಲು ತಡೆದಳು. ಇವಳನ್ನು ಮುಟ್ಟಿದರೆ ಬೀಳುತ್ತಾಳೆ ಎನ್ನುವುದು ಎಲ್ಲ ತಂಡಗಳಿಗೂ ಗೊತ್ತಿತ್ತು. ರೆಫರಿ ಸೀಟಿ ಬಾಯಿಗಿಟ್ಟು ಆಗಲೇ ಕೆನ್ನೆ ಉಬ್ಬಿಸಿದ್ದರು. ನಾನು ಬೀಳಲಿಲ್ಲ. ಎರಡೂ ಕೈ ಮೇಲೆತ್ತಿ ನಿಂತೆ. ಅವಳು ಗಲಿಬಿಲಿಗೊಂಡು ಎಸೆದ ಚೆಂಡು ಬಂದು ನನ್ನ ಅಂಗೈಗೆ ಫಟ್ಟನೆ ಬಡಿಯಿತು. ಅಬ್ಬಾ, ಆ ಉರಿ! ಆ ಋತುವಿನಲ್ಲಿ ನನಗೆ ಆದ ಮೊದಲ ನಿಜವಾದ ನೋವು ಅದು. ಖುಷಿಗೆ ಕಿರುಚಿಬಿಟ್ಟೆ.

ಗೆದ್ದೆವು ಎಂದು ಬರೆಯಲು ಆಸೆ. ಆದರೆ ಹೊರಗೆ ಹೋಗಬೇಕಿದ್ದ ಗೂಳಿ ಅಂಗಳದಲ್ಲೇ ಉಳಿದಳು. ಮುಂದಿನ ಸಲ ದೂರದಿಂದಲೇ ಎಸೆದು ಚೆಂಡನ್ನು ಬುಟ್ಟಿಗೆ ಹಾಕಿದಳು. ನಾವು ಸೋತೆವು.

ಬಟ್ಟೆ ಬದಲಿಸುವ ಕೋಣೆಗೆ ಬಂದ ಕೋಚ್, ಎಲ್ಲರೂ ಬಟ್ಟೆ ಬದಲಿಸಿದ್ದಾರೋ ಇಲ್ಲವೋ ಎಂದೂ ಕೇಳಲಿಲ್ಲ.

"ನೀನು ಬಿದ್ದಿದ್ರೆ ಗೆಲ್ತಿದ್ವಿ!"

"ಹೌದು ಸರ್, ಗೆಲ್ತಿದ್ವಿ," ಎಂದೆ. "ಆದ್ರೂ ನಾನಿನ್ನು ಬೀಳಲ್ಲ. ಯಾರಾದ್ರೂ ಗುದ್ದಿ ಬೀಳಿಸಿದ್ರೆ ಬೀಳ್ತೀನಿ, ಎದ್ದೂ ಆಡ್ತೀನಿ. ನಾಟಕಕ್ಕೆ ಬೇರೆಯವರನ್ನ ನೋಡ್ಕೊಳ್ಳಿ."

"ನೋಡ್ಕೊಳ್ತೀನಿ. ಹುಡ್ಗೀರಿಗೆ ಬರಗಾಲ ಬಂದಿಲ್ಲ. ನೀನು ಬ್ಯಾಗು ಕಟ್ಟು." ಅವರು ಕ್ಯಾಪ್ಟನ್ ಅಕ್ಕನ ಕಡೆ ತಿರುಗಿದರು. "ನಾಳೆ ಇಬ್ಬರು ಹೊಸಬರು ಬರ್ತಾರೆ. ಅವರಿಗೆ ಬೀಳೋದು ಕಲ್ಸು."

ಅಕ್ಕ ಸೊಂಟದ ಬೆಲ್ಟು ಬಿಚ್ಚುತ್ತಿದ್ದಳು. ಅದನ್ನು ಮಡಚಿ ಪಕ್ಕಕ್ಕಿಟ್ಟಳು.

"ನಾನು ಕಲ್ಸಲ್ಲ ಸರ್."

"ಮತ್ತೆ ಯಾರು ಕಲಿಸ್ತಾರೆ?"

"ನೀವೇ ಒಂದ್ಸಲ ಬಿದ್ದು ತೋರ್ಸಿ. ನೋಡಿ ಕಲಿತ್ಕೊಳ್ತಾರೆ."

ಅಷ್ಟು ಹೇಳಿ ಅವಳು ಎದ್ದು, ತಾನು ಕೂತಿದ್ದ ಬೆಂಚನ್ನು ಕರ್ರೆಂದು ಗೋಡೆಗೆ ಸರಿಸಿದಳು. ಎದುರು ಕೂತಿದ್ದ ಹುಡುಗಿಯೂ ಎದ್ದು ತನ್ನ ಬೆಂಚು ಸರಿಸಿದಳು. ನೋಡನೋಡುತ್ತ ಕೋಣೆಯ ನಡುವೆ ಒಬ್ಬ ಗಂಡಸು ಆರಾಮಾಗಿ ಉದ್ದಕ್ಕೆ ಬೀಳುವಷ್ಟು ಜಾಗವಾಯಿತು.

"ಇಷ್ಟು ಸಾಕಾ ಸರ್?" ಎಂದಳು ಅಕ್ಕ, ಬಹಳ ಮರ್ಯಾದೆಯಿಂದ.

ಕೋಚ್ ನೆಲ ನೋಡಿದರು, ನಮ್ಮೆಲ್ಲರ ಮುಖ ನೋಡಿದರು. ಯಾರೂ ನಗಲಿಲ್ಲ, ಯಾರೂ ಕೂರಲಿಲ್ಲ.

"ಬೆಳಿಗ್ಗೆ ಎಲ್ಲರೂ ಅಭ್ಯಾಸಕ್ಕೆ ಬನ್ನಿ," ಎಂದು ಬಾಗಿಲಿಗೆ ಹೊರಟರು.

"ಏಣಿನೂನಾ ಸರ್?" ಅಕ್ಕ ಬಿಡಲಿಲ್ಲ.

"ಎಲ್ಲರೂ ಅಂದ್ನಲ್ಲಮ್ಮಾ!"