ನಮ್ಮದೇ ಸಕ್ಕರೆ

ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ಮಲಗಿದ್ದ ತಂಗಿಯ ಹಸುಗೂಸಿಗೆ ರಕ್ತವೆಲ್ಲ ನಂಜಾಗಿತ್ತು. ಪ್ರಯೋಗಾಲಯದಲ್ಲಿ ಬ್ಯಾಕ್ಟೀರಿಯಾಗಳ ಜೊತೆಗೇ ದಿನ ಕಳೆಯುವ ನನ್ನನ್ನು ಅವಳು ಕೇಳಿದಳು: “ಅಕ್ಕಾ, ಇವನ ಬಿಳಿ ರಕ್ತಕಣಗಳೆಲ್ಲ ಕತ್ತೆ ಕಾಯ್ತಿದ್ವಾ?”

“ಅವು ಮುಟ್ಟಿ ನೋಡಿ ಗುರುತು ಹಿಡಿಯೋದು ಕಣೇ. ಎದುರಿಗೆ ಸಿಕ್ಕ ಕಣದ ಮೈಮೇಲಿನ ಸಕ್ಕರೆ ಪದರ ಹೊರಗಿನೋರದಾದ್ರೆ ಹೊಡೀತವೆ, ನಮ್ಮದಾದ್ರೆ ಬಿಡ್ತವೆ. ಇವನ ರಕ್ತಕ್ಕೆ ಸೇರಿರೋ ಈ ಬ್ಯಾಕ್ಟೀರಿಯಾ ನಮ್ಮಂಥದೇ ಸಕ್ಕರೆ ಹೊದ್ಕೊಂಡಿರುತ್ತೆ. ದೊಡ್ಡೋರ ಮೈಯಲ್ಲಿ ಸುಮ್ಮನೆ ಇದ್ದುಬಿಡುತ್ತೆ, ಅವರಿಗೆ ಗೊತ್ತೇ ಆಗಲ್ಲ.”

ಸಮಾಧಾನ ಹೇಳಲು ಹೋಗಿ ಪಾಠ ಮಾಡಿಬಿಟ್ಟಿದ್ದೆ. ನನ್ನ ಹಾಳು ಚಟ!

“ಹುಟ್ಟಿದಾಗಿಂದ ಇವನು ಈ ಪೆಟ್ಟಿಗೇಲೇ ಇದ್ದಾನೆ. ಅದಕ್ಕೆ ಮೊದಲು ಇದ್ದಿದ್ದು ನನ್ನೊಳಗೇ ಅಲ್ವಾ ಅಕ್ಕಾ?”

ಗಾಜಿನ ಮೇಲಿಟ್ಟಿದ್ದ ಕೈಯನ್ನು ಅವಳು, ಮಗುವಿಗೆ ಸೋಕಬಾರದೆಂಬಂತೆ, ಹಿಂದಕ್ಕೆಳೆದುಕೊಂಡಳು.