ಅಂಚು ಬಿಚ್ಚಿದ ಫ್ರಾಕು

ಹೆಣವಾಗಿ ಮಲಗಿದ್ದ ಸೋದರತ್ತೆಯ ಕೊರಳಪಟ್ಟಿಗೆ ಇನ್ನೂ ಸಿಕ್ಕಿಕೊಂಡಿದ್ದ ಸೂಜಿಯನ್ನು ಅವಳು ಮೆಲ್ಲಗೆ ತೆಗೆಯುತ್ತಿದ್ದಾಗ ಬಾಗಿಲಲ್ಲಿ ಚಿಕ್ಕಪ್ಪನ ದನಿ ಏರಿತು.

"ಯಾವ ಮುಖ ಇಟ್ಕೊಂಡು ಬಂದೆ? ಅಣ್ಣನ್ನ ನುಂಗಿದ್ದು ಸಾಲದಾ?"

ಹೊಸ್ತಿಲಾಚೆ ಅವಳ ಅಮ್ಮ ನಿಂತಿದ್ದಳು. ಜೈಲಿನಿಂದ ಬಂದು ವರ್ಷಗಳಾದರೂ, ಯಾರಾದರೂ ಒಳಗೆ ಬಿಡಲಿ ಎಂದು ಬಾಗಿಲ ಮುಂದೆ ಕಾಯುವ ಅಭ್ಯಾಸ ಹೋಗಿರಲಿಲ್ಲ.

"ಒಳಗೆ ಬಾಮ್ಮ," ಎಂದಳು ಮಗಳು. "ಚಿಕ್ಕಪ್ಪ, ಅತ್ತೆ ಯಾವತ್ತೂ ಅಮ್ಮನಿಗೆ ಬರಬೇಡ ಅಂದಿಲ್ಲ."

"ಬಾ ಅಂತಾನೂ ಅಂದಿಲ್ಲ."

ಅದೂ ನಿಜವೇ.

*

ಕುಡಿದು ಬಡಿಯುತ್ತಿದ್ದ ಗಂಡನನ್ನು ಅಮ್ಮ ಒಂದು ದಿನ ತಿರುಗಿ ತಳ್ಳಿದ್ದಳು. ಮೆಟ್ಟಿಲಿಂದ ಉರುಳಿದವನು ಏಳಲಿಲ್ಲ. ಅವಳು ಜೈಲಿಗೆ ಹೋದಾಗ, ಮಗುವನ್ನು ದೂರದ ದಂಪತಿಗೆ ದತ್ತು ಕೊಡುವುದೇ ಲೇಸು ಎಂದರು ಮಕ್ಕಳ ಕಲ್ಯಾಣದ ಅಧಿಕಾರಿಗಳು. ದರ್ಜಿ ಕೆಲಸದ ಅತ್ತೆ ಅಂಗಡಿಗೆ ಬೀಗ ಜಡಿದು ನ್ಯಾಯಾಲಯಕ್ಕೆ ನಡೆದಳು.

"ಸತ್ತವನು ನಿಮ್ಮ ಒಡಹುಟ್ಟಿದವನು. ಆದರೂ ಮಗು ತಾಯಿಯನ್ನ ನೋಡ್ತಿರಬೇಕು ಅಂತೀರಾ?" ಎಂದು ಕೇಳಿದರು ನ್ಯಾಯಾಧೀಶೆ.

"ಅಣ್ಣನಿಗೆ ಅಳೋದು ನನ್ನ ಪಾಡು ತಾಯಿ. ಅಪ್ಪ ಹೋದ ಅಂತ ಅಮ್ಮನ್ನೂ ಕಿತ್ಕೊಂಡ್ರೆ ಹೇಗೆ? ಮಗು ಏನು ತಪ್ಪು ಮಾಡ್ತು?"

ಮಗು ಅತ್ತೆಯ ಪಾಲಿಗೆ ಬಂತು. ಆಮೇಲೆ ತಿಂಗಳಿಗೊಮ್ಮೆ ಜೈಲಿಗೆ ಬಸ್ಸು, ಕಿಟಕಿ ಪಕ್ಕದ ಸೀಟು, ಮಡಿಲಲ್ಲಿ ಕಡಲೆಕಾಯಿ. ಮಗು ಬೆಳೆದಂತೆಲ್ಲ ಅತ್ತೆ ಅದೇ ಹಳದಿ ಫ್ರಾಕಿನ ಅಂಚು ಬಿಚ್ಚಿ ಇಳಿಸುತ್ತಿದ್ದಳು. ಹಳೆಯ ಮಡಿಕೆಯ ಗೆರೆಗಳ ಮೇಲೆ ಮಾತ್ರ ಇಸ್ತ್ರಿ ಆಡಿಸುತ್ತಿರಲಿಲ್ಲ. "ಎಷ್ಟು ಉದ್ದ ಆಗಿದೀಯ ಅಂತ ನಿಮ್ಮಮ್ಮ ನೋಡ್ಲಿ." ಜಾಲರಿಯಾಚೆ ಅಮ್ಮ ಆ ಗೆರೆಗಳನ್ನು ನೋಡಿ ನಗುತ್ತಿದ್ದಳು, ನಗುತ್ತಲೇ ಅಳುತ್ತಿದ್ದಳು.

ಅತ್ತೆ ಗೇಟಿನ ಹೊರಗಿನ ಕಲ್ಲುಬೆಂಚು ಬಿಟ್ಟು ಏಳುತ್ತಿರಲಿಲ್ಲ.

"ನೀನೂ ಬಾ ಅತ್ತೆ."

"ನನ್ನ ಕೈಲಾಗಲ್ಲ ಕಣೇ. ನಿನ್ನ ತಡೆಯೋಕೂ ಆಗಲ್ಲ. ಓಡು, ಹೊತ್ತಾಯ್ತು."

*

"ಅತ್ತೆ ಇಲ್ದಿದ್ರೆ ಯಾವ ಊರಲ್ಲಿ, ಯಾರನ್ನ ಅಮ್ಮ ಅಂತಿದ್ನೋ," ಎಂದಳು ಮಗಳು.

ಚಿಕ್ಕಪ್ಪ ಬಾಗಿಲಿನಿಂದ ಸರಿದ.

ಅಮ್ಮ ನಾದಿನಿಯ ಪಕ್ಕ ಕೂತು ಅವಳ ಕೈ ಹಿಡಿದಳು. "ಒಂದ್ಸಲನಾದ್ರೂ ಒಳಗೆ ಬರ್ತೀಯೇನೋ ಅಂತ ಕಾಯ್ತಿದ್ದೆ ಕಣೇ," ಎಂದಳು, ಮಗಳಿಗೆ ಮಾತ್ರ ಕೇಳುವಷ್ಟು.

ಎತ್ತುವ ಹೊತ್ತಿಗೆ ಚಟ್ಟದ ಹಿಂದಿನ ಮೂಲೆಗೆ ಒಂದು ಹೆಗಲು ಕಡಿಮೆಯಾಯಿತು. ಯಾರನ್ನೂ ಕೇಳದೆ ಅಮ್ಮ ಹೆಗಲು ಕೊಟ್ಟಳು. ಗಿಡ್ಡ ಆಳು, ಚಟ್ಟ ಅತ್ತ ವಾಲಿತು. ಪಕ್ಕದ ಮೂಲೆ ಹೊತ್ತಿದ್ದ ಚಿಕ್ಕಪ್ಪ ಅವಳತ್ತ ತಿರುಗಲಿಲ್ಲ. ತನ್ನ ಹೆಗಲನ್ನು ಅವಳ ಎತ್ತರಕ್ಕೆ ತಗ್ಗಿಸಿ, ಬೀದಿಯ ಕೊನೆಯವರೆಗೂ ಹಾಗೇ ಬಾಗಿ ನಡೆದ.